ಅಳತೆಗೆ ಕಟ್ಟುಬಿದ್ದ ಮಗ್ಗ

ಮಲಪ್ರಭೆ ಖಾನಾಪುರದ ಕಾಡು ದಾಟಿ ಬಯಲಿಗೆ ಇಳಿದ ಮೇಲೆ ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ, ರಾಮದುರ್ಗಗಳ ಮಗ್ಗುಲಲ್ಲಿ ಹರಿಯುತ್ತದೆ. ಈ ದಾರಿಯುದ್ದಕ್ಕೂ ಎರೆಭೂಮಿ. ಎರೆ ಇದ್ದಲ್ಲಿ ಹತ್ತಿ. ಹತ್ತಿ ಇದ್ದಲ್ಲಿ ಮಗ್ಗ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ನೇಕಾರಿಕೆ ಬೇರೂರಿದ್ದು ಹೀಗೆ. ಬೈಲಹೊಂಗಲ ಹತ್ತಿ ಪೇಟೆಯಾಗಿ ಬೆಳೆಯಿತು. ರಾಮದುರ್ಗ ಮತ್ತು ಅದರ ಆಸುಪಾಸಿನ ಸುರೇಬಾನ, ಮನಿಹಾಳಗಳು ನೇಕಾರರ ಊರುಗಳೆಂದು ಹೆಸರಾದವು. ಇದೇ ಸೀಮೆಯ ತೆಂಕಣ ಅಂಚಿಗೆ, ಧಾರವಾಡ ತಾಲೂಕಿನ ಗರಗದಲ್ಲಿ, ಸ್ವಾತಂತ್ರ್ಯ ಬಂದ ಮೇಲೆ ರಾಷ್ಟ್ರಧ್ವಜದ ಬಟ್ಟೆ ನೇಯುವ ಮಗ್ಗಗಳು ಎದ್ದವು. ಸಣ್ಣ ಕೈಗಾರಿಕೆಯೊಂದು ದೊಡ್ಡದಾಗುವ ಆಸೆ ಬಿಟ್ಟು ಗುಣಕ್ಕೆ ಅಂಟಿಕೊಂಡರೆ ಅದಕ್ಕೆ ಏನು ದಕ್ಕುತ್ತದೆ, ಏನು ತಪ್ಪಿಹೋಗುತ್ತದೆ ಎಂಬುದನ್ನು ಈ ಮಗ್ಗಗಳ ಚರಿತ್ರೆ ತಕ್ಕಮಟ್ಟಿಗೆ ಹೇಳುತ್ತದೆ.

ಹಳೆಯ ನೇಕಾರಿಕೆಯಲ್ಲಿ ಕಾರಖಾನೆ ಎಂದರೆ ಮನೆಯೇ. ಪಡಸಾಲೆಯ ನೆಲದಲ್ಲಿ ತೆಗ್ಗು ತೋಡಿ ಮಗ್ಗ ಹೂಡುತ್ತಿದ್ದರು. ನೇಕಾರ ತೆಗ್ಗಿನ ಅಂಚಿಗೆ ಕುಳಿತು ಕಾಲು ಇಳಿಬಿಟ್ಟು ಕೆಳಗಿನ ಹಲಗೆ ತುಳಿಯುತ್ತಾನೆ, ಕೈಯಲ್ಲಿ ಲಾಳಿ ಓಡಿಸುತ್ತಾನೆ. ನೆಲದ ತಂಪು ಎಳೆಗೆ ತಾಗುವುದರಿಂದ ನೂಲು ಬೇಗ ಹರಿಯುವುದಿಲ್ಲ. ಬಯಲುಸೀಮೆಯ ಒಣಗಾಳಿಯಲ್ಲಿ ಇದು ಸಣ್ಣ ಅನುಕೂಲವಲ್ಲ. ಹೆಂಗಸರು ಕಂಡಿಕೆ ಸುತ್ತುತ್ತಿದ್ದರು, ಹಾಸು ಹೂಡುತ್ತಿದ್ದರು. ಹರಿದ ಎಳೆಗೆ ಗಂಟು ಹಾಕುವ ಕೆಲಸ ಮಕ್ಕಳ ಪಾಲಿಗೆ ಬರುತ್ತಿತ್ತು. ಗಂಜಿ ಕಾಣಿಸುವ ಕೆಲಸ ಮಾತ್ರ ಮನೆಯೊಳಗೆ ಹಿಡಿಯುತ್ತಿರಲಿಲ್ಲ. ಬಿಸಿಲೇರುವ ಮೊದಲೇ ಓಣಿಯುದ್ದ ಹಾಸು ಬಿಗಿದು, ನಾಲ್ಕಾರು ಮನೆಯವರು ಕೂಡಿ ಕುಂಚದಿಂದ ಗಂಜಿ ಎಳೆಯುತ್ತಿದ್ದರು. ದೇವಾಂಗ, ಹಟಗಾರ, ಕುರುಹಿನಶೆಟ್ಟಿ, ಪದ್ಮಸಾಲಿ, ಸ್ವಕುಳಸಾಲಿ ಮೊದಲಾದ ನೇಕಾರ ಸಮುದಾಯಗಳಲ್ಲಿ ಕೆಲಸ ಹಂಚಿಕೊಳ್ಳುವ ರೀತಿ ಹೆಚ್ಚುಕಡಿಮೆ ಇದೇ.

ಇಂಥ ಮನೆಗೆ ದೊಡ್ಡದಾಗುವ ದಾರಿ ಕಿರಿದು. ಒಂದು ಮಗ್ಗ ನಿಲ್ಲದೆ ನಡೆಯಬೇಕಾದರೆ ಅದರ ಹಿಂದೆ ಎರಡು ಮೂರು ಜೋಡಿ ಕೈ ಬೇಕು. ಮನೆಯಲ್ಲಿ ಇರುವ ಕೈಗಳಿಗಿಂತ ಹೆಚ್ಚು ಮಗ್ಗ ಹೂಡಿದರೆ ಕೂಲಿಯವರನ್ನು ಕರೆಯಬೇಕು, ಕೂಲಿಗೆ ಸಾವುಕಾರನ ಮುಂಗಡ ತರಬೇಕು, ಮುಂಗಡ ತಂದರೆ ಬಟ್ಟೆ ಅವನ ಪಾಲು. ನೂಲು ಕೊಟ್ಟು ಬಟ್ಟೆ ಒಯ್ಯುವ ವ್ಯಾಪಾರಿಗೆ ನೇಯ್ದು ಮಜೂರಿ ಪಡೆಯುವ ಪದ್ಧತಿ ಬೇರುಬಿಟ್ಟ ಮೇಲಂತೂ ಮನೆಯ ಯಜಮಾನನೇ ಕೂಲಿಯವನಾದ. ಸಣ್ಣದಾಗಿ ಉಳಿಯುವುದು ಎಲ್ಲ ಕಡೆಯೂ ಆಯ್ಕೆಯೇ ಆಗಿರಲಿಲ್ಲ, ಎಷ್ಟೋ ಮನೆಗಳಿಗೆ ಅದು ಅನಿವಾರ್ಯವಾಗಿತ್ತು. ಕೈಮಗ್ಗದ ಬಗ್ಗೆ ಹೊಗಳಿ ಬರೆಯುವವರು ಇದನ್ನು ಮರೆಯುವುದೇ ಹೆಚ್ಚು.

ನೇಯ್ಗೆಯ ರೀತಿಯೇ ವೇಗಕ್ಕೆ ಅಡ್ಡಬರುವ ನಿದರ್ಶನವೂ ಈ ಭಾಗದಲ್ಲಿದೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಒಂದು ಸೀರೆ ಮುಗಿದರೆ ಹಾಸೂ ಮುಗಿಯಿತು. ಮುಂದಿನದಕ್ಕೆ ಮತ್ತೆ ಮೊದಲಿನಿಂದ ಹೂಡಬೇಕು. ನೂರು ಸೀರೆಗೆ ಒಮ್ಮೆಲೇ ಹಾಸು ಬಿಡುವ ಸೌಕರ್ಯ ಈ ಪದ್ಧತಿಯಲ್ಲಿಲ್ಲ. ತೋಪು ತೆನೆಯ ಕೆಂಪು ಸೆರಗು ಬೇಕೆನ್ನುವವರು ಈ ನಿಧಾನಕ್ಕೂ ಬೆಲೆ ಕೊಡಬೇಕಾಯಿತು. 2007ರಲ್ಲಿ ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಹತ್ತಿಗೂ ಮಗ್ಗಕ್ಕೂ ಇದ್ದ ನಂಟು ಸಡಿಲವಾಯಿತು. 1840ರ ದಶಕದಿಂದ ಬ್ರಿಟಿಷ್ ಅಧಿಕಾರಿಗಳು ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿ ಬೀಜ ಹರಡಿದರು. ಅದು ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಲ್ಲಿ ನೆಲೆಯೂರಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಇಲ್ಲಿಯ ಅರಳೆಗೆ ಬಂಗಾರದ ಬೆಲೆ ಬಂತು. ಊರ ಹೊಲದ ಹತ್ತಿ ಊರ ರಾಟೆಗೆ ಬರುವ ಬದಲು ಬಂದರಿಗೆ ಹೋಗತೊಡಗಿತು. 1885ರಲ್ಲಿ ಗೋಕಾಕದಲ್ಲಿ ಗಿರಣಿ ಕಂಪನಿ ಸ್ಥಾಪನೆಯಾಗಿ, 1887ರ ಹೊತ್ತಿಗೆ ಘಟಪ್ರಭೆಯ ನೀರಿನ ಬಲದಿಂದ ನೂಲು ತೆಗೆಯತೊಡಗಿತು. ಕೈಯಿಂದ ನೂತ ಎಳೆಗಿಂತ ಗಿರಣಿಯ ಎಳೆ ಸಮ, ಗಟ್ಟಿ, ಅಗ್ಗ. ನೇಕಾರರು ಅದನ್ನೇ ಹಿಡಿದರು, ಹಿಡಿಯದೆ ಗತಿಯೂ ಇರಲಿಲ್ಲ. ಮಗ್ಗ ಉಳಿಯಿತು, ರಾಟೆ ಅಟ್ಟ ಸೇರಿತು. ನೂಲುವ ಕೈಕಸುಬು ಒಂದೆರಡು ತಲೆಮಾರಿನಲ್ಲಿ ಮನೆಗಳಿಂದ ಮರೆಯಾಯಿತು.

ರಾಟೆ ಮತ್ತೆ ಅಟ್ಟದಿಂದ ಇಳಿದದ್ದು ರಾಜಕೀಯದ ಕೈಹಿಡಿದು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರು. ಅವರು ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನ ಅದೊಂದೇ. ಸದಸ್ಯತ್ವಕ್ಕೆ ತಿಂಗಳಿಗೆ 2000 ಗಜ ನೂಲು ಕೊಡಬೇಕೆಂಬ ನಿಯಮವನ್ನು ಅಲ್ಲಿ ಒಪ್ಪಲಾಯಿತು. ಆ ನೂಲು ಸಮನಾಗಿ ನೂತದ್ದಾಗಿರಬೇಕು ಎಂಬ ಷರತ್ತೂ ಇತ್ತು. ಕೈನೂಲಿಗೆ ಗುಣದ ಕಟ್ಟಳೆ ಹಾಕುವ ಪರಿಪಾಠ ಬೆಳೆದದ್ದು ಇಂಥ ಷರತ್ತುಗಳಿಂದಲೇ. ಮರುವರ್ಷ, 1925ರಲ್ಲಿ, ಅಖಿಲ ಭಾರತ ಚರಕಾ ಸಂಘ ಹುಟ್ಟಿತು.

ಬೆಳಗಾವಿ ಅಧಿವೇಶನದ ಬೆನ್ನೆಲುಬಾಗಿದ್ದ ಗಂಗಾಧರರಾವ್ ದೇಶಪಾಂಡೆ ಅವರ ಊರು ಹುದಲಿ. ಬೆಳಗಾವಿ ತಾಲೂಕಿನ ಈ ಹಳ್ಳಿ ಖಾದಿಯ ಕೇಂದ್ರವಾಯಿತು, ದೇಶಪಾಂಡೆಯವರಿಗೆ ‘ಖಾದಿ ಭೀಷ್ಮ’ ಎಂಬ ಹೆಸರು ಬಂತು. 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಅಧಿವೇಶನ ಹುದಲಿಯಲ್ಲೇ ನಡೆದು, ಗಾಂಧೀಜಿ ಆ ಹಳ್ಳಿಯಲ್ಲಿ ಸುಮಾರು ಒಂದು ವಾರ ಉಳಿದಿದ್ದರು. ಅದಕ್ಕೆ ಎರಡು ವರ್ಷ ಮೊದಲು ಚರಕಾ ಸಂಘ ದಿಟ್ಟವಾದ ಒಂದು ತೀರ್ಮಾನ ಕೈಗೊಂಡಿತ್ತು. ನೂಲುವ ಹೆಂಗಸರಿಗೆ ಹೊಟ್ಟೆ ತುಂಬುವಷ್ಟಾದರೂ ಕೂಲಿ ಕೊಡಬೇಕು, ಅದರಿಂದ ಖಾದಿ ತುಟ್ಟಿಯಾಗಿ ಮಾರಾಟ ಕುಗ್ಗಿದರೂ ಸರಿ ಎಂದು 1935ರಲ್ಲಿ ಗೊತ್ತುಮಾಡಲಾಯಿತು. ವ್ಯಾಪಾರ ಕಡಿಮೆಯಾದರೂ ನಡೆದೀತು ಎಂದು ಮಾರುವ ಸಂಸ್ಥೆಯೇ ಹೇಳುವುದು ಅಪರೂಪ. ಮುಂದೆ ಈ ಭಾಗದ ಖಾದಿ ಸಂಘಗಳು ನಡೆದುಬಂದ ದಾರಿಗೆ, ಅವುಗಳ ಬಡತನಕ್ಕೂ ಸೇರಿಸಿ, ಈ ನಿಲುವಿನಲ್ಲಿ ಬುನಾದಿ ಇದೆ.

ಸಂವಿಧಾನ ಸಭೆ 1947ರ ಜುಲೈ 22ರಂದು ತ್ರಿವರ್ಣ ಧ್ವಜವನ್ನು ಒಪ್ಪಿಕೊಂಡಿತು. ಅದೇ ವರ್ಷದ ಆರಂಭದಲ್ಲಿ ಭಾರತೀಯ ಮಾನಕ ಸಂಸ್ಥೆ ಹುಟ್ಟಿತ್ತು. ಸಿಮೆಂಟು, ಉಕ್ಕು ಮೊದಲಾದವಕ್ಕೆಲ್ಲ ಮಾನಕ ಬರೆಯಬೇಕಿದ್ದ ಆ ಸಂಸ್ಥೆಯ ಮೊದಲ ಸಂಖ್ಯೆ, ಐಎಸ್ 1, ಸಂದದ್ದು ರಾಷ್ಟ್ರಧ್ವಜಕ್ಕೆ. 1951ರಲ್ಲಿ ಅದು ಪ್ರಕಟವಾಗಿ, 1964ರಲ್ಲೂ 1968ರಲ್ಲೂ ತಿದ್ದುಪಡಿ ಕಂಡಿತು. ಬಟ್ಟೆಯ ನಿರ್ದಿಷ್ಟ ಜಾಗದಲ್ಲಿ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು, ತೂಕ ಎಷ್ಟು, ಜಗ್ಗಿದರೆ ಎಷ್ಟು ಬಲ ತಾಳಬೇಕು, ಬಣ್ಣ ಬಿಸಿಲಿಗೂ ತೊಳೆತಕ್ಕೂ ಎಷ್ಟು ನಿಲ್ಲಬೇಕು ಎಂಬುದೆಲ್ಲ ಅದರಲ್ಲಿದೆ. ನೂಲು ಕೈಯಿಂದ ನೂತದ್ದಾಗಿರಬೇಕು, ಬಟ್ಟೆ ಕೈಮಗ್ಗದಲ್ಲಿ ನೇಯ್ದದ್ದಾಗಿರಬೇಕು. ಕೈನೂಲು ಗಿರಣಿಯ ನೂಲಿನಂತೆ ಒಂದೇ ಸಮ ಇರುವುದಿಲ್ಲ. ಆದರೆ ಮಾನಕ ಸಮತೆಯನ್ನೇ ಕೇಳುತ್ತದೆ. ಈ ಎಳೆದಾಟವೇ ಧ್ವಜದ ನೇಕಾರಿಕೆಯ ಕಷ್ಟ.

ಗರಗದಲ್ಲಿ ಧಾರವಾಡ ತಾಲೂಕು ಗರಗ ಕ್ಷೇತ್ರೀಯ ಸೇವಾ ಸಂಘ 1950ರ ದಶಕದಲ್ಲಿ ಕೆಲಸ ಆರಂಭಿಸಿತು. ಮಡಿವಾಳೇಶ್ವರ ಮಠದಿಂದ ಹೆಸರಾದ ಈ ಊರಿಗೆ ಆಮೇಲೆ ಧ್ವಜದ ಬಟ್ಟೆಯಿಂದಲೂ ಹೆಸರು ಬಂತು. ಸಾಕಷ್ಟು ಕಾಲ ಇಲ್ಲಿ ನೇಯ್ದ ಬಟ್ಟೆ ಬಣ್ಣಕ್ಕೂ ಹೊಲಿಗೆಗೂ ಮುಂಬೈಗೆ ಹೋಗುತ್ತಿತ್ತು. ಹಳ್ಳಿಯ ಪಾಲಿಗೆ ಉಳಿಯುತ್ತಿದ್ದದ್ದು ನೂಲುವ ಮತ್ತು ನೇಯುವ ಮಜೂರಿ ಮಾತ್ರ.

ಕರ್ನಾಟಕದ ಏಕೀಕರಣವಾಗಿ ಸರಿಯಾಗಿ ಒಂದು ವರ್ಷಕ್ಕೆ, 1957ರ ನವೆಂಬರ್ 1ರಂದು, ಹುಬ್ಬಳ್ಳಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಸ್ಥಾಪನೆಯಾಯಿತು. ವೆಂಕಟೇಶ ಮಾಗಡಿ ಅದರ ಮೊದಲ ಅಧ್ಯಕ್ಷರು. ಬೇರೆ ಬೇರೆ ಊರುಗಳಲ್ಲಿ ಹರಡಿದ್ದ ಖಾದಿ ಸಂಘಗಳನ್ನು ಒಂದು ಚಾವಣಿಯಡಿ ತರುವುದು ಉದ್ದೇಶ. ಅದೇ ಊರಿನ ಬೆಂಗೇರಿಯಲ್ಲಿ 17 ಎಕರೆ ಆವರಣ ಎದ್ದಿತು. ಜವಳಿ ರಸಾಯನ ಕಲಿಸುವ ತರಬೇತಿ ಕೇಂದ್ರ, ಬಡಗಿ ಕೆಲಸದ ಶಾಲೆ ಅಲ್ಲಿ ಬಂದವು. ಬಟ್ಟೆ ನೇಯುವುದರಿಂದ ಹಿಡಿದು ಹಗ್ಗ ಕಟ್ಟುವವರೆಗಿನ ಧ್ವಜದ ಎಲ್ಲ ಕೆಲಸಕ್ಕೂ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನ್ಯತೆ ಪಡೆದು ಬೆಂಗೇರಿಯ ಘಟಕ ಶುರುವಾದದ್ದು ಇದಕ್ಕೆ ಸುಮಾರು ಅರ್ಧ ಶತಮಾನದ ನಂತರ, 2005-06ರ ಸುಮಾರಿಗೆ.

ಅಲ್ಲಿಗೆ ಬರುವ ಬಟ್ಟೆಯ ಪಯಣ ಉದ್ದದ್ದು. ಹಂಜಿ ಚಿತ್ರದುರ್ಗದಲ್ಲಿರುವ ಖಾದಿ ಆಯೋಗದ ಘಟಕದಿಂದ ಬರುತ್ತದೆ. ಧಾರವಾಡ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಹೆಂಗಸರು ಚರಕದ ಮೇಲೆ ಅದನ್ನು ನೂತು ಲಡಿ ಮಾಡುತ್ತಾರೆ. ಗರಗದಲ್ಲೂ ಬಾಗಲಕೋಟೆಯ ಬದಿಯ ತುಳಸಿಗೇರಿಯಲ್ಲೂ ನೇಯ್ಗೆ ನಡೆಯುತ್ತದೆ. ಬಟ್ಟೆಯಲ್ಲಿ ಎರಡು ಬಗೆ. ಹಾರಾಡುವ ಭಾಗಕ್ಕೆ ತೆಳುವಾದ, ಗಾಳಿಗೆ ಬಿಚ್ಚಿಕೊಳ್ಳುವ ‘ಬಂಟಿಂಗ್’. ಕಂಬದ ಬದಿಗೆ ಹಗ್ಗ ಸೇರಿಸುವ ತೋಳಿಗೆ ದಪ್ಪನೆಯ, ಬಣ್ಣ ಹಾಕದ ‘ಡಕ್’. ಡಕ್ ನೇಯುವಾಗ ಮೂರು ಎಳೆಗಳನ್ನು ಕೂಡಿಸಿ ಹೆಣೆಯಬೇಕು. ಸಾದಾ ನೇಯ್ಗೆ ಕಲಿತವರೆಲ್ಲರಿಗೂ ಅದು ಕೈಗೂಡುವುದಿಲ್ಲ. ಅದನ್ನು ಬಲ್ಲ ನೇಕಾರರು ದೇಶದಲ್ಲೇ ಬೆರಳೆಣಿಕೆಯಷ್ಟು.

ಬಟ್ಟೆ ಬೆಂಗೇರಿಗೆ ಬಂದ ಮೇಲೆ ಮೂರು ಪಾಲಾಗುತ್ತದೆ. ಒಂದಕ್ಕೆ ಕೇಸರಿ, ಒಂದಕ್ಕೆ ಹಸಿರು. ಮೂರನೆಯದನ್ನು ಬಿಳುಪು ಮಾಡಿ, ಅಳತೆಗೆ ಕತ್ತರಿಸಿ, ಚಕ್ರ ಅಚ್ಚು ಹಾಕುತ್ತಾರೆ. ಇಡೀ ಕೆಲಸದಲ್ಲಿ ತಪ್ಪಿಗೆ ಹೆಚ್ಚು ಎಡೆ ಇರುವುದು ಇಲ್ಲಿ. ಚಕ್ರ ಬಟ್ಟೆಯ ಎರಡೂ ಮಗ್ಗುಲಲ್ಲಿ ಕಾಣಬೇಕು. ಒಂದು ಮಗ್ಗುಲ ಅಚ್ಚು ಹಾಕಿ, ತಿರುಗಿಸಿ, ಇನ್ನೊಂದು ಹಾಕುವಾಗ 24 ಅರಗಳೂ ಒಂದರ ಮೇಲೊಂದು ಕೂಡಬೇಕು. ಬೆಳಕಿಗೆ ಹಿಡಿದರೆ ಒಂದು ಕೂದಲೆಳೆ ಸರಿದದ್ದೂ ಎದ್ದು ಕಾಣುತ್ತದೆ. 900×600 ಮಿಲಿಮೀಟರಿನ ಧ್ವಜವನ್ನು ತೆಗೆದುಕೊಂಡರೆ ಬಿಳಿ ಪಟ್ಟಿಯ ಅಗಲ 200 ಮಿಲಿಮೀಟರ್, ಚಕ್ರದ ಅಡ್ಡಳತೆ 185. ಮೇಲೆ ಕೆಳಗೆ ಉಳಿಯುವುದು ತಲಾ ಏಳೂವರೆ ಮಿಲಿಮೀಟರ್. ಹೊಲಿಗೆಯ ಮಡಿಕೆ ಎಲ್ಲಾದರೂ ತುಸು ಹೆಚ್ಚು ತಿಂದರೆ ಚಕ್ರ ಒಂದು ಬಣ್ಣದ ಕಡೆ ವಾಲಿದಂತೆ ಕಾಣುತ್ತದೆ.

ಅಳತೆಗಳು ಒಟ್ಟು ಒಂಬತ್ತು. ಎಲ್ಲಕ್ಕಿಂತ ದೊಡ್ಡದು 6300×4200 ಮಿಲಿಮೀಟರ್, ಅಂದರೆ 21 ಅಡಿಗೆ 14 ಅಡಿ. ಅದರ ಚಕ್ರವೇ 1295 ಮಿಲಿಮೀಟರ್. ಎಲ್ಲಕ್ಕಿಂತ ಸಣ್ಣದು ಮೇಜಿನ ಮೇಲಿಡುವ 150×100, ಚಕ್ರ 25. ಗಣ್ಯರ ಕಾರಿಗೆ 225×150, ಅವರ ವಿಮಾನಕ್ಕೆ 450×300. ಉದ್ದ ಅಗಲಗಳ ಪ್ರಮಾಣ ಎಲ್ಲದರಲ್ಲೂ 3:2. ಪಟ್ಟಿಗಳನ್ನು ಕೂಡಿಸುವ, ಡಕ್ ತೋಳು ಸೇರಿಸುವ, ಹಗ್ಗ ತೂರಿಸಿ ತುದಿಗೆ ಮರದ ಚಿಕ್ಕ ತುಂಡು ಕಟ್ಟುವ ಕೆಲಸ ಹೆಚ್ಚಾಗಿ ಹೆಂಗಸರದ್ದು. ಪ್ರತಿ ಹಂತಕ್ಕೂ ತಪಾಸಣೆ ಇದೆ. ಒಂದು ಕಟ್ಟಿನಲ್ಲಿ ಪರೀಕ್ಷೆಗೆ ತೆಗೆದ ಧ್ವಜ ಕೆಟ್ಟಿದೆ ಎಂದು ಕಂಡರೆ ಕಟ್ಟೆಲ್ಲ ತಿರಸ್ಕಾರವಾಗಬಹುದು. ಉಳಿದ ಖಾದಿ ಬಟ್ಟೆಯಲ್ಲಿ ಸಣ್ಣ ಗಂಟು, ದಪ್ಪ ಎಳೆ ಕಂಡರೆ ಕೈಕೆಲಸದ ಗುರುತೆಂದು ಕೊಳ್ಳುವವನೇ ಮೆಚ್ಚುತ್ತಾನೆ. ಧ್ವಜಕ್ಕೆ ಆ ರಿಯಾಯಿತಿ ಇಲ್ಲ.

ಇಷ್ಟೆಲ್ಲ ಇದ್ದೂ ಘಟಕ ಬೆಳೆಯಲಿಲ್ಲವೇಕೆ ಎಂದರೆ, ಬೇಡಿಕೆ ಪಂಚಾಂಗಕ್ಕೆ ಕಟ್ಟುಬಿದ್ದಿದೆ. ಜನವರಿ 26, ಆಗಸ್ಟ್ 15ರ ಮುಂದಿನ ತಿಂಗಳುಗಳಲ್ಲಿ ಕೈ ಸಾಲುವುದಿಲ್ಲ, ಮಿಕ್ಕ ಕಾಲದಲ್ಲಿ ಕೆಲಸ ಮಂದ. ಮೊದಲೇ ಹೊಲಿದಿಡಬೇಕೆಂದರೆ ದುಡ್ಡು ಬಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲೆಲ್ಲ ಕೊಳ್ಳುವವರೂ ಸರ್ಕಾರಿ ಕಚೇರಿಗಳೇ, ಶಾಲೆಗಳೇ. 2002ರ ಜನವರಿ 26ರಿಂದ ಜಾರಿಗೆ ಬಂದ ಧ್ವಜ ಸಂಹಿತೆ ಸಾಮಾನ್ಯ ನಾಗರಿಕರಿಗೂ ಎಲ್ಲ ದಿನ ಧ್ವಜ ಹಾರಿಸುವ ಅವಕಾಶ ಕೊಟ್ಟಿತು. ಅದು ನಾಗರಿಕನ ಹಕ್ಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಎತ್ತಿಹಿಡಿಯಿತು. ಬೇಡಿಕೆ ಹಿಗ್ಗಿತು. ಆದರೆ ಮಗ್ಗದ ವೇಗ ಹಿಗ್ಗುವಂಥದ್ದಲ್ಲ. ಡಕ್ ನೇಯುವ ಕೈ ತಯಾರಾಗಲು ಕಾಲ ಬೇಕು, ಮಜೂರಿ ನೋಡಿ ಆ ಕೆಲಸಕ್ಕೆ ಕೂಡ್ರುವ ಹುಡುಗರು ಕಡಿಮೆ. 1935ರ ಚರಕಾ ಸಂಘ ಎದುರಿಸಿದ್ದೂ ಇದೇ ತೊಡಕು. ಕೂಲಿ ಏರಿಸಿದರೆ ಬೆಲೆ ಏರುತ್ತದೆ. ಏರಿಸದಿದ್ದರೆ ಕೈ ಸಿಗುವುದಿಲ್ಲ.

ಅಷ್ಟು ಹೊತ್ತಿಗೆ ಮಲಪ್ರಭೆಯ ಕೆಳಗಿನ ಊರುಗಳಲ್ಲಿ ನೇಕಾರಿಕೆ ಬೇರೆ ದಾರಿ ಹಿಡಿದಿತ್ತು. ರಾಮದುರ್ಗದ ಕಡೆ ವಿದ್ಯುತ್ ಮಗ್ಗಗಳು ಬಂದವು. ಕೈಮಗ್ಗವನ್ನು ಕಾಪಾಡಲೆಂದು 1985ರಲ್ಲಿ ಸಂಸತ್ತು ಕಾಯ್ದೆ ಮಾಡಿ, ಸೀರೆ, ಧೋತಿ ಮುಂತಾದ 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟಿತು; ಆಮೇಲೆ ಆ ಪಟ್ಟಿ 11ಕ್ಕೆ ಇಳಿಯಿತು. ಇಳಿದ ಪಟ್ಟಿಯನ್ನೂ ಯಾರೂ ಬಿಗಿಯಾಗಿ ಕಾಯಲಿಲ್ಲ. ಕೈಮಗ್ಗದ ಅಂಚು, ಸೆರಗುಗಳನ್ನೇ ಹೋಲುವ ಸೀರೆ ವಿದ್ಯುತ್ ಮಗ್ಗದಿಂದ ಒಂದು ದಿನದಲ್ಲಿ ಹಲವು ಇಳಿಯುತ್ತಿದ್ದರೆ, ಕೊಂಡಿ ಕಟ್ಟುತ್ತ ಕೂತವನ ಸೀರೆಗೆ ಬೆಲೆ ಹೇಳುವುದೇ ಕಷ್ಟವಾಯಿತು. ಮೀಸಲಾತಿ ಕಾಗದದ ಮೇಲಿದ್ದದ್ದು ಅಲ್ಲಿ ನೇಕಾರನಿಗೆ ನೆರವಾಗಲಿಲ್ಲ. ಧ್ವಜದ ಮಗ್ಗಕ್ಕೆ ಆಗಿದ್ದ ಅನುಕೂಲ ಎಂದರೆ, ಅದರ ನಿಯಮವನ್ನು ಕೊಳ್ಳುವ ಸರ್ಕಾರವೇ ಪಾಲಿಸಬೇಕಿತ್ತು. ಮಾನಕ ಒಂದು ಕಡೆ ನೇಕಾರನನ್ನು ಕಟ್ಟಿಹಾಕಿತ್ತು, ಇನ್ನೊಂದು ಕಡೆ ಗಿರಣಿಯನ್ನು ಹೊರಗಿಟ್ಟು ಅವನನ್ನು ಕಾಯುತ್ತಿತ್ತು.

ಆ ಬೇಲಿ 2021ರ ಡಿಸೆಂಬರ್ 30ರಂದು ತೆರೆಯಿತು. ಧ್ವಜ ಸಂಹಿತೆಗೆ ಅಂದು ಬಂದ ತಿದ್ದುಪಡಿ ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಒಪ್ಪಿಗೆ ಕೊಟ್ಟಿತು. 2022ರ ಆಗಸ್ಟ್ 13ರಿಂದ 15ರವರೆಗೆ ‘ಹರ್ ಘರ್ ತಿರಂಗಾ’ ಅಭಿಯಾನ ನಡೆದಾಗ ಕೋಟಿಗಟ್ಟಲೆ ಧ್ವಜ ಕೆಲವೇ ವಾರಗಳಲ್ಲಿ ಬೇಕಾಯಿತು. ಅಷ್ಟನ್ನು ಕೈಮಗ್ಗದಿಂದ ಪೂರೈಸುವುದು ಆಗದ ಮಾತು. ಆ ಲೆಕ್ಕ ಸರ್ಕಾರದ ಬಳಿ ಇತ್ತು, ಖಾದಿ ಸಂಘಗಳಿಗೂ ಗೊತ್ತಿತ್ತು. ಬೆಂಗೇರಿಯವರ ತಕರಾರು ಬೇರೆಯದಿತ್ತು. ಮನೆಮನೆಯ ಧ್ವಜಕ್ಕೆ ಒಂದು ನಿಯಮ, ಅಧಿಕೃತ ಧ್ವಜಕ್ಕೆ ಇನ್ನೊಂದು ನಿಯಮ ಎಂದು ಬೇರ್ಪಡಿಸದೆ, ಎರಡಕ್ಕೂ ಒಂದೇ ಬಾಗಿಲು ತೆರೆದರೆ ಶಾಲೆ, ಪಂಚಾಯ್ತಿಗಳೂ ಅಗ್ಗದ ಬಟ್ಟೆಯತ್ತ ಹೊರಳುತ್ತವೆ ಎಂಬುದು ಅವರ ಅಂಜಿಕೆ. ಅದೇ ವರ್ಷ ಹುಬ್ಬಳ್ಳಿಯಲ್ಲಿ ಪ್ರತಿಭಟನೆಗಳಾದವು, ತಿದ್ದುಪಡಿ ಹಿಂತೆಗೆಯಿರಿ ಎಂಬ ಒತ್ತಾಯ ಕೇಳಿಬಂತು. ತಿದ್ದುಪಡಿ ಉಳಿಯಿತು. ಅಂಜಿಕೆಯಲ್ಲಿ ಹುರುಳಿತ್ತೆಂದೇ ಹೇಳಬೇಕು. ಅಗ್ಗದ ಧ್ವಜವೂ ದೂರದಿಂದ ನೋಡಿದರೆ ಧ್ವಜವೇ. ಎಳೆ ಎಣಿಸಿ ಕೊಳ್ಳುವವರು ಎಲ್ಲಿಯೂ ಹೆಚ್ಚಿಲ್ಲ.

ಐಎಸ್ 1 ರದ್ದಾಗಿಲ್ಲ. ಖಾದಿ ಧ್ವಜ ಎಂದು ಮಾರುವುದಾದರೆ ಅದರ ಅಳತೆಗೆ ಸರಿಹೊಂದಲೇಬೇಕು. ಒಂಬತ್ತು ಅಳತೆಗಳೂ ಬೆಂಗೇರಿಯಲ್ಲಿ ಸಿಗುತ್ತವೆ. ಹಬ್ಬದ ತಿಂಗಳುಗಳ ಬೇಡಿಕೆಯನ್ನೇ ನೆಚ್ಚಿ ಕೂಡುವಂತಿಲ್ಲದ ಕಾರಣ ಸಂಘ ಇತರ ಖಾದಿ ಬಟ್ಟೆಯನ್ನೂ ಗ್ರಾಮೋದ್ಯೋಗದ ಸರಕನ್ನೂ ಮಾರುತ್ತದೆ. ಧ್ವಜದಿಂದ ಬಂದ ಹೆಸರು ಆ ಮಾರಾಟಕ್ಕೆ ಒದಗುತ್ತದೆ, ಆ ಮಾರಾಟದ ದುಡ್ಡು ಧ್ವಜವಿಲ್ಲದ ತಿಂಗಳುಗಳ ಮಜೂರಿಗೆ ಒದಗುತ್ತದೆ.